ರಾಗ ಮೇಲೆ, ಹೆಜ್ಜೆ ಕೆಳಗೆ

ಸೇಡಂನ ಒಂದು ಓಣಿಯಲ್ಲಿ ಮದುವೆಯ ಮೆರವಣಿಗೆ ಹೊರಟಿದೆ ಅನ್ನಿ. ಊರಿನ ಇನ್ನೊಂದು ತುದಿಯಲ್ಲಿ ಮಾಳಿಗೆಯ ಮೇಲೆ ಮಲಗಿದವರಿಗೆ ಯಾವ ಹಾಡು ಹಚ್ಚಿದ್ದಾರೆಂದು ತಿಳಿಯುವುದಿಲ್ಲ. ಕೇಳುವುದು ಬರೀ ಧಮ್, ಧಮ್, ಧಮ್. ಡಿಜೆ ಗಾಡಿ ಹತ್ತಿರವಾದಂತೆ ಆ ಧಮ್ಮಿನ ಮೇಲೆ ಹಾಡು ಬಂದು ಕೂರುತ್ತದೆ. ಮನೆಯ ಮುಂದೆ ಬರುವಷ್ಟರಲ್ಲಿ ಹುಡುಗರು ಹಾಡಿನ ಸಾಲುಗಳನ್ನೇ ಒದರುತ್ತಿರುತ್ತಾರೆ. ಧಮ್ ಧಮ್ ಯಾರ ಲೆಕ್ಕಕ್ಕೂ ಇಲ್ಲ. ಕಟ್ಟೆಯ ಮೇಲೆ ಕುಳಿತ ಅಜ್ಜ ಮಾತ್ರ, ‘ತಮ್ಮಾ, ಜರಾ ಬೇಸ್ ಕಮ್ಮಿ ಮಾಡೋ, ಕಿಡಕಿ ಅಲ್ಲಾಡ್ಲಾಕತ್ತಾವ’ ಎಂದಾನು.

ಬಹಳ ದೂರದವರೆಗೂ ಉಳಿದು ಬರುವ ದನಿ ಅದು. ಹತ್ತಿರದಲ್ಲಿ ಎಲ್ಲಕ್ಕಿಂತ ಕಡಿಮೆ ಗಮನ ಸೆಳೆಯುವುದೂ ಅದೇ. ಅದನ್ನು ತೆಗೆದುಬಿಟ್ಟರೆ ಕುಣಿಯುವವರ ಕಾಲು ನಿಂತುಹೋಗುತ್ತವೆ. ಕೇಳಿದ್ದು ನೆನಪಿಲ್ಲದ ದನಿ ಇಲ್ಲವಾದಾಗ ಮಾತ್ರ ಕೊರತೆ ಕಾಣುವುದು ಹೇಗೆ? ರಾಕ್ ಬ್ಯಾಂಡುಗಳಲ್ಲಿ ಈ ಒಗಟಿಗೆ ಒಬ್ಬ ಮನುಷ್ಯನ ರೂಪವೇ ಇದೆ. ಅವನು ಬೇಸ್ ಗಿಟಾರ್ ನುಡಿಸುವವನು.

ನಾಲ್ಕು ತಂತಿಯವನು

ಮಾಮೂಲಿ ಗಿಟಾರಿಗೆ ಆರು ತಂತಿ, ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು. ತಂತಿಗಳು ದಪ್ಪ, ಕುತ್ತಿಗೆ ಉದ್ದ. ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ 82 ಸಲ ಕಂಪಿಸಿದರೆ, ಬೇಸಿನದು 41 ಸಲ. ಸೆಕೆಂಡಿಗೆ ಒಂದು ಕಂಪನ ಎಂದರೆ ಒಂದು ಹರ್ಟ್ಸ್. ಎಳೆಯ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಬೇಸ್‌ನವನ ಬದುಕು ಆ ಪಟ್ಟಿಯ ತೀರಾ ತಳದಲ್ಲಿ.

1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದ. ಅದಕ್ಕೂ ಮುಂಚೆ ಈ ಕೆಲಸಕ್ಕೆ ಇದ್ದದ್ದು ಆಳೆತ್ತರದ ಡಬಲ್ ಬೇಸ್. ಅದನ್ನು ನಿಂತುಕೊಂಡು ನುಡಿಸಬೇಕು, ಹೊತ್ತು ತಿರುಗುವುದು ಪಡಿಪಾಟಲು, ಡ್ರಮ್ಮಿನ ಗದ್ದಲದಲ್ಲಿ ಕೇಳಿಸುವುದೂ ಕಷ್ಟ. ಫೆಂಡರನ ವಾದ್ಯ ಹೆಗಲಿಗೆ ನೇತುಬಿತ್ತು, ವಿದ್ಯುತ್ತಿನಿಂದ ದನಿ ಪಡೆಯಿತು. ಆದರೆ ನುಡಿಸುವವರಿಗೆ ಮರ್ಯಾದೆ ಅಷ್ಟು ಬೇಗ ಬರಲಿಲ್ಲ. ಬೀಟಲ್ಸ್ ತಂಡದಲ್ಲಿ ಮೊದಲ ಬೇಸ್ ವಾದಕ 1961ರಲ್ಲಿ ಬಿಟ್ಟುಹೋದಾಗ ಆ ಜಾಗಕ್ಕೆ ಬರಲು ಯಾರಿಗೂ ಮನಸ್ಸಿರಲಿಲ್ಲ. ಕೊನೆಗೆ ಪಾಲ್ ಮೆಕಾರ್ಟ್ನಿ ಅದನ್ನು ಹೊತ್ತುಕೊಂಡ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಲ್ಲಿ 1960ರ ದಶಕವಿಡೀ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್‌ನ ಹೆಸರು ಧ್ವನಿತಟ್ಟೆಯ ಲಕೋಟೆಯ ಮೇಲೆ ಬಂದದ್ದು 1971ರಲ್ಲಿ. ಅಷ್ಟರಲ್ಲಿ ಅವನ ಬೆರಳಿಗೆ ಜಗತ್ತು ಹತ್ತು ವರ್ಷ ಕುಣಿದಿತ್ತು.

ನಮ್ಮಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ಶಿಶುನಾಳ ಶರೀಫರ ಪದಗಳನ್ನು ರಾಕ್ ವೇದಿಕೆಗೆ ತಂದ ರಘು ದೀಕ್ಷಿತ್ ಹೆಸರು ಕನ್ನಡಿಗರಿಗೆಲ್ಲ ಗೊತ್ತು. ಆ ತಂಡದಲ್ಲಿ ಬಹುಕಾಲ ಬೇಸ್ ನುಡಿಸಿದ ಗೌರವ್ ವಾಝ್ ಎಷ್ಟು ಜನರಿಗೆ ಗೊತ್ತು? ‘ಸ್ವರಾತ್ಮ’ ಎಂದರೆ ವಾಸು ದೀಕ್ಷಿತ್ ನೆನಪಾಗುತ್ತಾರೆ. ಬೇಸ್ ಹಿಡಿದ ಜಿಷ್ಣು ದಾಸ್‌ಗುಪ್ತಾ ಸಂಗೀತದವರಿಗಷ್ಟೇ ನೆನಪು. ಇದನ್ನು ಕೇಳುಗರ ಕೃತಘ್ನತೆ ಎಂದು ಬೈದು ಮುಗಿಸಬಹುದು. ಆದರೆ ತಪ್ಪಿರುವುದು ಮನಸ್ಸಿನಲ್ಲಲ್ಲ. ನಮ್ಮ ಕಿವಿಯ ರಚನೆಯೇ ಹಾಗಿದೆ.

ಗೋಡೆ ದಾಟುವ ದನಿ

ಮೊದಲು ಕಿವಿಯ ಹೊರಗಿನ ಮಾತು. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಕೆಳದನಿಯಾದರೂ ಮೇಲ್ದನಿಯಾದರೂ ವೇಗ ಒಂದೇ. ಬೇರೆಯಾಗುವುದು ಅಲೆಯ ಉದ್ದ. 41 ಹರ್ಟ್ಸ್‌ನ ಒಂದು ಅಲೆ ಎಂಟು ಮೀಟರಿಗೂ ಉದ್ದ. ಝಾಂಜಿನ ಕಿಣಿಕಿಣಿಯಲ್ಲಿರುವ 3,000 ಹರ್ಟ್ಸ್‌ನ ಅಲೆ ಒಂದು ಗೇಣಿಗಿಂತಲೂ ಗಿಡ್ಡ.

ಗಿಡ್ಡ ಅಲೆಗೆ ಮನೆ, ಮರ, ಕಾಂಪೌಂಡು ಎಲ್ಲವೂ ಅಡ್ಡಿ. ಬಡಿದು ಹಿಂದಕ್ಕೆ ಹೋಗುತ್ತದೆ, ಹಿಂದೆ ನೆರಳು ಬೀಳುತ್ತದೆ. ಎಂಟು ಮೀಟರಿನ ಅಲೆಗೆ ಮನೆ ದೊಡ್ಡ ಅಡ್ಡಿಯೇ ಅಲ್ಲ. ಅದನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಗಾಳಿ ಕೂಡ ಮೇಲ್ದನಿಯನ್ನೇ ಹೆಚ್ಚು ಹೀರುತ್ತದೆ. ಇನ್ನು ಗೋಡೆ: ಶಹಾಬಾದಿನ ಕಲ್ಲಿನಿಂದ ಕಟ್ಟಿದ ದಪ್ಪ ಗೋಡೆ ಮಾತನ್ನು, ಹಾಡನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಕಂಪನ ಅರ್ಧಕ್ಕೆ ಇಳಿದಾಗಲೆಲ್ಲ ಗೋಡೆಯ ತಡೆಯುವ ಶಕ್ತಿಯೂ ಇಳಿಯುತ್ತ ಹೋಗುತ್ತದೆ. ನಿಧಾನವಾಗಿ ತಳ್ಳುವ ದನಿಗೆ ಗೋಡೆ ತಾನೂ ತುಸು ಓಲಾಡಿ ದಾರಿ ಬಿಡುತ್ತದೆ. ವಾಡಿ, ಶಹಾಬಾದ್, ಸೇಡಂ ಕಡೆ ಸುಣ್ಣದಕಲ್ಲಿನ ಗಣಿಗಳ ಹತ್ತಿರ ಇರುವವರಿಗೆ ಇದು ಹೊಸದಲ್ಲ. ಬ್ಲಾಸ್ಟಿಂಗ್ ಆದಾಗ ಸದ್ದಿಗಿಂತ ಹೆಚ್ಚಾಗಿ ಕಾಲಡಿಯ ನೆಲ, ಮಾಡಿನ ಮೇಲಿನ ಪಾತ್ರೆ ಸುದ್ದಿ ಹೇಳುತ್ತವೆ.

ದೂರಕ್ಕೆ ಧಮ್ ಧಮ್ ಮಾತ್ರ ಬರುವುದಕ್ಕೆ ಇಷ್ಟು ಸಾಕು. ಆದರೆ ಹತ್ತಿರದಲ್ಲಿ ಎಲ್ಲ ದನಿಗಳೂ ಒಟ್ಟಿಗೇ ಕಿವಿ ಸೇರುತ್ತವೆ. ಅಲ್ಲಿಂದಾಚೆಗಿನ ಕತೆ ತಲೆಯೊಳಗಿನದು.

ವಾಡಿಯಿಂದ ಸೇಡಂಗೆ

ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ, ನೀರು ತುಂಬಿದ ಪುಟ್ಟ ಕೊಳವೆ ಇದೆ. ವೈದ್ಯರು ಕಾಕ್ಲಿಯಾ ಎನ್ನುವ ಇದನ್ನು ಕಿವಿಶಂಖ ಎನ್ನೋಣ. ಸುರುಳಿ ಬಿಚ್ಚಿದರೆ ಉದ್ದ ಸುಮಾರು 35 ಮಿಲಿಮೀಟರ್. ಅದರ ಉದ್ದಕ್ಕೂ ಒಂದು ತೆಳುವಾದ ತಳಪೊರೆ, ಅದರ ಮೇಲೆ ಸಾಲಾಗಿ ಕೂದಲಕಣಗಳು. ಪೊರೆ ಎಲ್ಲಿ ಅಲುಗುತ್ತದೋ ಅಲ್ಲಿಯ ಕಣಗಳು ಮಿದುಳಿಗೆ ಸುದ್ದಿ ಕಳಿಸುತ್ತವೆ.

ಈ ಪೊರೆಯನ್ನು ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದ್ ಕಡೆಗೆ ಹೋಗುವ ರೈಲುದಾರಿ ಎಂದುಕೊಳ್ಳಿ: ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ. ಎಲ್ಲ ದನಿಗಳೂ ವಾಡಿಯಲ್ಲೇ ಒಳಗೆ ಬರಬೇಕು, ಬೇರೆ ಬಾಗಿಲಿಲ್ಲ. ವಾಡಿಯ ಕಡೆ ಪೊರೆ ಬಿಗಿ ಮತ್ತು ಅಗಲ ಕಡಿಮೆ. ಸೇಡಂ ಕಡೆ ಸಡಿಲ, ಅಗಲ ಹೆಚ್ಚು. ಆದ್ದರಿಂದ ಝಾಂಜಿನಂಥ ಮೇಲ್ದನಿಗಳು ವಾಡಿಯಲ್ಲೇ ಇಳಿದುಬಿಡುತ್ತವೆ. ಹಾಡುವವರ ದನಿಯ ಬಹುಪಾಲು ಚಿತ್ತಾಪುರ, ಮಳಖೇಡ ರೋಡ್ ಸುತ್ತಮುತ್ತ ಇಳಿಯುತ್ತದೆ. ಬೇಸಿನ ಕೆಳದನಿ ಮಾತ್ರ ಕೊನೆಯವರೆಗೆ ಹೋಗಿ ಸೇಡಂನಲ್ಲಿ ಇಳಿಯುತ್ತದೆ.

ಹೀಗೆ ಪೊರೆಯ ಮೇಲೆ ಓಡುವ ಅಲೆಯನ್ನು ಕಂಡುಹಿಡಿದವನು ಹಂಗೇರಿಯ ಗೆಯೋರ್ಗ್ ಫಾನ್ ಬೆಕೆಶಿ. ತೀರಿಹೋದವರ ಕಿವಿಶಂಖವನ್ನು ಬಿಡಿಸಿ, ಸೂಕ್ಷ್ಮದರ್ಶಕದಡಿ ಇಟ್ಟು, ದನಿ ಹಾಯಿಸಿ ಪೊರೆಯ ಅಲುಗಾಟ ನೋಡಿದ. ಅದಕ್ಕಾಗಿ 1961ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು.

ಈಗ ಮುಖ್ಯ ಸಂಗತಿ. ವಾಡಿಯಲ್ಲಿ ಇಳಿದವನಿಂದ ಸೇಡಂನವರಿಗೆ ಏನೂ ತೊಂದರೆಯಿಲ್ಲ; ಅವನು ಅಲ್ಲಿಗೆ ಹೋಗುವುದೇ ಇಲ್ಲ. ಆದರೆ ಸೇಡಂಗೆ ಹೊರಟ ಭಾರದ ಗೂಡ್ಸ್ ಗಾಡಿ ನಡುವಿನ ಎಲ್ಲ ಪ್ಲಾಟ್‌ಫಾರಂಗಳನ್ನೂ ನಡುಗಿಸುತ್ತಲೇ ಹೋಗಬೇಕು. ಅದು ಹಾಯುವಾಗ ಚಿತ್ತಾಪುರದಲ್ಲಿ ನಿಂತವರ ಮಾತು ಒಬ್ಬರಿಗೊಬ್ಬರಿಗೆ ಕೇಳುವುದಿಲ್ಲ. ಕಿವಿಯಲ್ಲೂ ಹಾಗೇ: ಜೋರಾದ ಕೆಳದನಿ ತನಗಿಂತ ಮೇಲಿನ ದನಿಗಳನ್ನು ಮರೆಮಾಡಬಲ್ಲದು, ಮೇಲ್ದನಿಗೆ ಕೆಳದನಿಯನ್ನು ಮರೆಮಾಡುವುದು ಕಷ್ಟ. ಅಮೆರಿಕದಲ್ಲಿ ಟೆಲಿಫೋನಿನ ದನಿ ಸುಧಾರಿಸಲು ಹೊರಟಿದ್ದ ವೆಗಲ್ ಮತ್ತು ಲೇನ್ 1924ರಲ್ಲಿ ಇದನ್ನು ಅಳತೆ ಮಾಡಿ ತೋರಿಸಿದರು. ಕಿವಿಯೊಳಗಿನ ಈ ಏಕಮುಖ ಅನ್ಯಾಯವನ್ನು ಹಿಡಿದುಕೊಂಡರೆ ಬೇಸ್‌ನವನ ಒಗಟು ಬಿಚ್ಚಿಕೊಳ್ಳುತ್ತದೆ.

ಸ್ವಲ್ಪ ಮುಂಚೆ ಬಂದರೆ

ಕೆನಡಾದ ಹ್ಯಾಮಿಲ್ಟನ್ ಊರಿನ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಲಾರೆಲ್ ಟ್ರೇನರ್ ಎಂಬ ವಿಜ್ಞಾನಿಯ ಗುಂಪು 2014ರಲ್ಲಿ ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಪಿಯಾನೊದ ಎರಡು ಸ್ವರ, ಒಂದು ಕೆಳಗಿನದು, ಒಂದು ಮೇಲಿನದು. ಎರಡನ್ನೂ ಒಟ್ಟಿಗೇ, ಅರ್ಧ ಸೆಕೆಂಡಿಗೊಮ್ಮೆ ನುಡಿಸುವುದು. ನಡುನಡುವೆ ಎರಡರಲ್ಲಿ ಒಂದು ಮಾತ್ರ 50 ಮಿಲಿಸೆಕೆಂಡ್ ಮುಂಚೆ ಬರುತ್ತದೆ. ಅಂದರೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ. ಕೇಳುವವರ ತಲೆಗೆ ವಿದ್ಯುತ್‌ಸಂಕೇತ ಅಳೆಯುವ ತಂತಿಗಳನ್ನು ಜೋಡಿಸಿದ್ದರು.

ಮೇಲಿನ ಸ್ವರ ಮುಂಚೆ ಬಂದಾಗ ಮಿದುಳು ‘ಏನೋ ತಪ್ಪಿತು’ ಎಂದು ಸಣ್ಣಗೆ ಮಿಡಿಯಿತು. ಕೆಳಗಿನ ಸ್ವರ ಮುಂಚೆ ಬಂದಾಗ ಆ ಮಿಡಿತ ಇನ್ನೂ ಜೋರಾಗಿತ್ತು. ಇನ್ನೊಂದು ಪ್ರಯೋಗದಲ್ಲಿ ಲಯಕ್ಕೆ ತಕ್ಕಂತೆ ಬೆರಳು ಬಡಿಯಲು ಹೇಳಿದರು. ಕೆಳಸ್ವರ ಜಾರಿದಾಗ ಬೆರಳು ಅದರ ಹಿಂದೆ ಹೋಯಿತು. ಮೇಲ್‌ಸ್ವರ ಜಾರಿದಾಗ ಅಷ್ಟಾಗಿ ಹೋಗಲಿಲ್ಲ. ಆಮೇಲೆ ಅವರು ಕಿವಿಶಂಖದ ಗಣಿತ ಮಾದರಿಗೆ ಇದೇ ದನಿಗಳನ್ನು ಕೊಟ್ಟು ನೋಡಿದರು. ಅಲ್ಲೂ ಅದೇ ಪಕ್ಷಪಾತ. ಎಂದರೆ ಇದು ಸಂಗೀತ ಕಲಿತು ಬರುವ ಅಭ್ಯಾಸವಷ್ಟೇ ಅಲ್ಲ; ಸುದ್ದಿ ಮಿದುಳು ಮುಟ್ಟುವ ಮುನ್ನವೇ ಕಿವಿ ಕೆಳದನಿಯ ಗಡಿಯಾರವನ್ನು ನಂಬಲು ಶುರುಮಾಡಿರುತ್ತದೆ.

ಬ್ಯಾಂಡಿನಲ್ಲಿ ಇದರ ಅರ್ಥ ಸ್ಪಷ್ಟ. ಹಾಡುವವರು ಒಂದು ಸಾಲನ್ನು ಕೊಂಚ ತಡವಾಗಿ ಎತ್ತಿಕೊಂಡರೆ ‘ಭಾವ ತುಂಬಿ ಹಾಡಿದರು’ ಎನ್ನುತ್ತೇವೆ. ಗಿಟಾರಿನವನು ಕೊಂಚ ಮುಂದೆ ಓಡಿದರೆ ‘ಹುರುಪು’ ಎನ್ನುತ್ತೇವೆ. ಬೇಸ್‌ನವನು ಅಷ್ಟೇ ಜಾರಿದರೆ ಇಡೀ ಹಾಡು ಕುಂಟುತ್ತದೆ. ಯಾರು ಜಾರಿದರೆಂದು ಕೇಳುವವರಿಗೆ ಗೊತ್ತಾಗುವುದಿಲ್ಲ, ಹಾಡು ಹಳ್ಳ ಹಿಡಿದದ್ದು ಮಾತ್ರ ಗೊತ್ತಾಗುತ್ತದೆ.

ಹಾಗಾದರೆ ರಾಗ?

ಕೆಳದನಿಗೆ ಇಷ್ಟು ಬಲವಿದ್ದರೆ ನಾವು ಗುನುಗುವುದು ಮೇಲಿನ ದನಿಯನ್ನೇ ಏಕೆ? ಇದಕ್ಕೂ ಕಾರಣ ಅದೇ ರೈಲುದಾರಿಯಲ್ಲಿದೆ.

ಯಾವ ಸ್ವರವೂ ಒಂಟಿಯಲ್ಲ. ಮೂಲ ಕಂಪನದ ಜೊತೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಒಡದನಿಗಳೂ ಸಾಗುತ್ತವೆ. ಇದು ಇಂಥದೇ ಸ್ವರ ಎಂದು ಖಚಿತವಾಗಿ ಹೇಳಲು ಮಿದುಳಿಗೆ ಈ ಒಡದನಿಗಳ ಸಾಕ್ಷಿ ಬೇಕು. ಬೇಸಿನ ಒಡದನಿಗಳು ಮೇಲೇರಿದಂತೆ ಕ್ಷೀಣಿಸುತ್ತವೆ. ಅವು ನಡುವಿನ ನಿಲ್ದಾಣಗಳಲ್ಲಿ ಇಳಿಯುವ ಹೊತ್ತಿಗೆ ಅಲ್ಲಿ ಹಾಡುವವರ ಗಟ್ಟಿ ದನಿ ಆಗಲೇ ಜಾಗ ಹಿಡಿದಿರುತ್ತದೆ. ಸ್ವರ ಗುರುತಿಸುವ ಪೈಪೋಟಿಯಲ್ಲಿ ಮೇಲಿನವರು ಗೆಲ್ಲುತ್ತಾರೆ. ಟ್ರೇನರ್ ಗುಂಪು ಮೂರು ತಿಂಗಳ ಕೂಸುಗಳಲ್ಲೂ ಈ ಒಲವು ಕಂಡಿದೆ: ಎರಡು ದನಿ ಒಟ್ಟಿಗೆ ಕೇಳಿಸಿ, ಮೇಲಿನದರಲ್ಲಿ ಸ್ವರ ಬದಲಿಸಿದರೆ ಕೂಸಿನ ಮಿದುಳು ಹೆಚ್ಚು ಎಚ್ಚರಗೊಳ್ಳುತ್ತದೆ.

ಹೀಗೆ ಕಿವಿ ಕೆಲಸ ಹಂಚಿಕೊಂಡಿದೆ. ‘ಯಾವ ಸ್ವರ?’ ಎಂಬ ಪ್ರಶ್ನೆಗೆ ಉತ್ತರ ಮೇಲಿನಿಂದ. ‘ಯಾವಾಗ?’ ಎಂಬ ಪ್ರಶ್ನೆಗೆ ಉತ್ತರ ಕೆಳಗಿನಿಂದ. ಮನೆಗೆ ಹೋಗುವಾಗ ನಾಲಿಗೆಯ ಮೇಲೆ ಉಳಿಯುವುದು ಮೊದಲನೆಯದು. ಎರಡನೆಯದು ಕಾಲಿನಲ್ಲೇ ಖರ್ಚಾಗಿ ಹೋಗಿರುತ್ತದೆ.

ಕೇಳಿಸದೆಯೂ ಕುಣಿಸುವುದು

ಕಾಲಿನ ಮಾತು ಉತ್ಪ್ರೇಕ್ಷೆಯಲ್ಲ. ಅದೇ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯವೂ ಆಗಿರುವ ಒಂದು ಸಂಗೀತಭವನವಿದೆ. ಅಲ್ಲಿ ಆರ್ಫೆಕ್ಸ್ ಎಂಬ ಇಲೆಕ್ಟ್ರಾನಿಕ್ ಸಂಗೀತದ ಜೋಡಿ ಕಛೇರಿ ನಡೆಸಿತು. ಸಭಿಕರ ತಲೆಗೆ ಚಲನೆ ಅಳೆಯುವ ಪಟ್ಟಿ. ಕಿವಿಗೆ ಗೊತ್ತೇ ಆಗದಷ್ಟು ಕೆಳಗಿನ ದನಿಯನ್ನು ಹೊರಡಿಸುವ ವಿಶೇಷ ಸ್ಪೀಕರುಗಳನ್ನು ಎರಡೂವರೆ ನಿಮಿಷಕ್ಕೊಮ್ಮೆ ಹಚ್ಚುವುದು, ಆರಿಸುವುದು ಮಾಡುತ್ತ ಹೋದರು. 2022ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಸ್ಪೀಕರ್ ಹಚ್ಚಿದ್ದಾಗ ಜನರ ಕುಣಿತ ಸರಾಸರಿ ಶೇಕಡಾ 11.8ರಷ್ಟು ಹೆಚ್ಚಿತ್ತು. ಬೇರೆಯಾಗಿ ಪರೀಕ್ಷಿಸಿದಾಗ, ಆ ದನಿ ಇದೆಯೋ ಇಲ್ಲವೋ ಎಂದು ಕೇಳುವವರಿಗೆ ಗುರುತಿಸಲಾಗಲಿಲ್ಲ.

ಕೆಳದನಿಗೆ ಕಿವಿಶಂಖವಲ್ಲದೆ ಬೇರೆ ದಾರಿಗಳೂ ಇವೆ. ಚರ್ಮ ಅದನ್ನು ನಡುಕವಾಗಿ ಅರಿಯುತ್ತದೆ. ಕಿವಿಶಂಖಕ್ಕೆ ಅಂಟಿಕೊಂಡಂತೆ ದೇಹದ ಸಮತೋಲ ಕಾಯುವ ಅಂಗವಿದೆ. ನಾವು ವಾಲಿದೆವೇ, ತಿರುಗಿದೆವೇ ಎಂದು ಹೇಳುವುದು ಅದು. ಬಲವಾದ ಕೆಳಕಂಪನ ಅದನ್ನೂ ತಟ್ಟಬಲ್ಲದು. ಚಲನೆಯ ಅಂಗವನ್ನೇ ತಟ್ಟುವ ದನಿ ಚಲನೆಗೆ ಪ್ರೇರಣೆ ಕೊಡುವುದರಲ್ಲಿ ಆಶ್ಚರ್ಯವೇನಿಲ್ಲ.

ಡಗ್ಗಾ ಮತ್ತು ಏಕತಾರಿ

ಚಿತ್ತಾಪುರ, ಸೇಡಂ ಸೀಮೆಯ ಹಳ್ಳಿಗಳಲ್ಲಿ ರಾಕ್ ಬ್ಯಾಂಡ್ ಇಲ್ಲದಿರಬಹುದು, ಆದರೆ ಕೆಳದನಿಯ ಈ ವಿದ್ಯೆ ಹಳೆಯದು. ಭಜನೆಯ ಮೇಳವನ್ನೇ ನೋಡಿ. ತಬಲಾ ಜೋಡಿಯಲ್ಲಿ ಬಲಗೈಯದನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಹಾಡುವವರ ಶ್ರುತಿಗೆ ಸರಿಯಾಗಿ ಕೂಡಿಸುತ್ತಾರೆ. ಎಡಗೈಯ ಡಗ್ಗಾಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ. ಗುಂಕಾರ ಚೆನ್ನಾಗಿ ಬಂದರೆ ಸಾಕು. ಸಿ. ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಚರ್ಮದ ನಡುವೆ ಮೆತ್ತಿದ ಕರಿಯ ಕರಣೆಯಿಂದಾಗಿ ನಮ್ಮ ಚರ್ಮವಾದ್ಯಗಳಲ್ಲಿ ಒಡದನಿಗಳು ತಂತಿವಾದ್ಯದಂತೆ ಕ್ರಮಬದ್ಧವಾಗುವುದನ್ನು ವಿವರಿಸಿದರು. ಬಲದ ತಬಲಾಕ್ಕೆ ಖಚಿತ ಸ್ವರ ಬರುವುದು ಹಾಗೆ. ಡಗ್ಗಾದ ಕರಣೆ ಮಾತ್ರ ನಡುವಿನಿಂದ ಸರಿದು ಕೂತಿರುತ್ತದೆ, ಅಂಗೈ ಒತ್ತಿದಂತೆ ದನಿ ಜಾರುತ್ತದೆ. ಸ್ವರದ ಹೊಣೆ ಬಲಗೈಗೆ, ಕಾಲದ ತೂಕ ಎಡಗೈಗೆ. ಚಿಂಚೋಳಿ ಕಡೆಯ ತಾಂಡಾಗಳಲ್ಲಿ ಲಂಬಾಣಿಗರು ಕಂಚಿನ ತಟ್ಟೆಯ ಕಿಣಿಕಿಣಿಗೆ ನಂಗಾರದ ಗುಡುಗನ್ನು ಜೋಡಿಸುವುದರಲ್ಲೂ ಇದೇ ಹಂಚಿಕೆ ಇದೆ.

ಬೇಸ್ ಗಿಟಾರಿಗೆ ಇನ್ನೊಂದು ಹೊಣೆಯೂ ಉಂಟು. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರು ಹೆಗಲಿಗೆ ಏಕತಾರಿ ಒರಗಿಸಿಕೊಂಡು ಒಂದೇ ಸ್ವರ ಮೀಟುತ್ತಿರುತ್ತಾರೆ. ಅದು ರಾಗ ನುಡಿಸುವುದಿಲ್ಲ. ಹಾಡು ಎಲ್ಲಿ ಹೋದರೂ ಮನೆ ಎಲ್ಲಿದೆ ಎಂದು ಹೇಳುತ್ತಿರುತ್ತದೆ. ಬ್ಯಾಂಡಿನಲ್ಲಿ ಆ ಮನೆಯನ್ನು ಬೇಸ್‌ನವನು ಆಗಾಗ ಬದಲಿಸುತ್ತಾನೆ. ಹಾಡುವವರು ‘ಪ’ ಹಿಡಿದು ನಿಂತಿದ್ದಾಗ ಕೆಳಗೆ ‘ಸ’ ಮೊಳಗುತ್ತಿದ್ದರೆ ನೆಮ್ಮದಿ ಎನಿಸುತ್ತದೆ. ಹಾಡುವವರು ಏನೂ ಮಾಡದೆ, ಬೇಸ್ ಮಾತ್ರ ‘ಗ’ಕ್ಕೆ ಸರಿದರೆ ಅದೇ ‘ಪ’ಕ್ಕೆ ಒಂದು ಬಗೆಯ ಹಂಬಲ ಬರುತ್ತದೆ. ಶಹಬ್ಬಾಸ್ ಸಿಗುವುದು ಹಾಡಿದವರಿಗೆ. ಡಗ್ಗಾದ ಕೆಲಸ, ಏಕತಾರಿಯ ಕೆಲಸ ಎರಡನ್ನೂ ಒಬ್ಬನೇ ಹೊತ್ತಿರುವುದರಿಂದ ಅವನು ಡ್ರಮ್ಮಿಗೂ ಹಾಡಿಗೂ ನಡುವಿನ ಗಂಟು. ಅವನು ತಪ್ಪಿದರೆ ಇಬ್ಬರ ಕೈಯೂ ಬಿಡುತ್ತದೆ.

ಮೊಬೈಲು ನುಂಗಿದ್ದು

ಇಷ್ಟೆಲ್ಲ ಇದ್ದರೂ ಬೇಸ್ ಇನ್ನಷ್ಟು ಅಲಕ್ಷ್ಯಕ್ಕೆ ಬೀಳಲು ಇಂದು ಹೊಸ ಕಾರಣವಿದೆ. ನಾವು ಹಾಡು ಕೇಳುವುದು ಮೊಬೈಲಿನಲ್ಲಿ. ಉಗುರಿನಷ್ಟು ಸ್ಪೀಕರಿಗೆ 41 ಹರ್ಟ್ಸ್‌ನ ಗಾಳಿ ತಳ್ಳುವ ತಾಕತ್ತಿಲ್ಲ. ಆದರೂ ಬೇಸಿನ ಸ್ವರ ಕೇಳಿದಂತೆ ಅನಿಸುತ್ತದಲ್ಲ? ಅದು ಮಿದುಳಿನ ಲೆಕ್ಕ. ಒಡದನಿಗಳು 41ರ ಅಂತರದಲ್ಲಿ ಸಾಲಾಗಿ ಬರುತ್ತಿರುವುದನ್ನು ಕಂಡು, ಮೂಲದನಿ 41 ಇರಲೇಬೇಕು ಎಂದು ಅದು ಊಹಿಸಿಕೊಳ್ಳುತ್ತದೆ. ಜರ್ಮನಿಯ ಆಗಸ್ಟ್ ಸೀಬೆಕ್ 1841ರಲ್ಲೇ ಸೈರನ್ ಯಂತ್ರದಿಂದ ಇಂಥ ಇಲ್ಲದ ಮೂಲದನಿಯನ್ನು ಗಮನಿಸಿದ್ದ. ಸೇಡಂನಲ್ಲಿ ಯಾರೂ ಇಳಿದಿಲ್ಲ. ಹಿಂದಿನ ನಿಲ್ದಾಣಗಳ ಸುದ್ದಿ ಕೇಳಿಯೇ ಮಿದುಳು ಹಾಜರಿ ಹಾಕುತ್ತದೆ. ಸ್ವರ ಸಿಕ್ಕಿತು, ಮೈಗೆ ತಟ್ಟುವ ತೂಕ ಸಿಗಲಿಲ್ಲ.

ದನಿ ತಗ್ಗಿಸಿದರೆ ಮತ್ತೂ ನಷ್ಟ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ತೋರಿಸಿಕೊಟ್ಟಂತೆ, ಮೆಲ್ಲಗಿನ ಮಟ್ಟದಲ್ಲಿ ಕಿವಿ ಕೆಳದನಿಗೆ ಬಹಳ ಮಂದ. ಮಾತಿನ ಪಟ್ಟಿಯ ಒಂದು ಮೆಲುದನಿಯಷ್ಟೇ ಗಟ್ಟಿಯಾಗಿ 40 ಹರ್ಟ್ಸ್ ಕೇಳಬೇಕಾದರೆ ಹತ್ತು ಸಾವಿರಕ್ಕೂ ಹೆಚ್ಚು ಪಟ್ಟು ಶಕ್ತಿ ಸುರಿಯಬೇಕು. ವೇದಿಕೆಯ ಮೇಲೆ ಬೇಸ್‌ನವನ ಸ್ಪೀಕರ್ ಎಲ್ಲರದಕ್ಕಿಂತ ದೊಡ್ಡದಿರುವುದು ಜಂಬಕ್ಕಲ್ಲ.

ಪರೀಕ್ಷೆ ಮಾಡಿ ನೋಡಬಹುದು. ಕುಣಿಯಲು ಬರುವ ಒಂದು ಹಾಡನ್ನು ದೊಡ್ಡ ಸ್ಪೀಕರಿಗೆ ಹಚ್ಚಿ, ನಾಲ್ಕು ಜನ ಕಣ್ಣು ಮುಚ್ಚಿ ಚಪ್ಪಾಳೆ ತಟ್ಟಲಿ. ಐದನೆಯವರು ಹೇಳದೆ ಕೇಳದೆ ಈಕ್ವಲೈಜರಿನಲ್ಲಿ ಕೆಳಗಿನ ಪಟ್ಟಿಗಳನ್ನು ಪೂರ್ತಿ ಇಳಿಸಲಿ. ಹಾಡು ಯಾವುದೆಂದು ಗುರುತಿಸಲು ಯಾರಿಗೂ ಕಷ್ಟವಾಗದು. ಚಪ್ಪಾಳೆ ಒಂದೇ ಆಗಿ ಉಳಿಯುತ್ತದೆಯೇ ಎಂಬುದನ್ನು ಗಮನಿಸಿ. ಆಮೇಲೆ ತಿರುಗುಮುರುಗು ಮಾಡಿ: ಮೇಲಿನ ಪಟ್ಟಿಗಳನ್ನು ಇಳಿಸಿ, ಕೆಳಗಿನದನ್ನು ಬಿಡಿ. ಈಗ ಹಾಡಿನ ಹೆಸರು ಹೇಳುವುದು ತ್ರಾಸು, ಚಪ್ಪಾಳೆಗೆ ಅಷ್ಟು ತ್ರಾಸಿಲ್ಲ.

ಊರ ಭಜನೆಗೆ ಮೈಕು ಹೊಂದಿಸುವವರಿಗೂ ಇದರಿಂದ ಒಂದು ಪಾಠವಿದೆ. ಇರುವ ಎರಡು ಮೈಕಿನಲ್ಲಿ ಒಂದು ಹಾಡುವವರಿಗೆ, ಇನ್ನೊಂದು ಪೇಟಿಗೆ ಹೋಗುವುದು ವಾಡಿಕೆ. ಎರಡೂ ನಡುವಿನ ಪಟ್ಟಿಯವು, ಹಾಡುವವರ ಗಂಟಲು ಹೇಗೂ ಗಟ್ಟಿ. ಎರಡನೆಯ ಮೈಕನ್ನು ಡಗ್ಗಾದ ಬಳಿ ಇಟ್ಟರೆ ಹಿಂದಿನ ಸಾಲಿನಲ್ಲಿ ತಾಳ ಹಿಡಿದವರು ಮುಂದಿನವರ ಹಿಂದೆ ಬೀಳುವುದು ತಪ್ಪುತ್ತದೆ.